ಹತ್ತಾದ ಗುಡ್ಡೆಯಲ್ಲಿ ಒಬ್ಬ ಅಕೌಂಟೆಂಟ್

ಕಳೆದ ತಿಂಗಳು ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಕಾಲಿನ ಕಡೆ ನೋಡಿ, “ಎಂತ ಮಾರಾಯ್ರೆ, ಹೆಬ್ಬೆರಳಿನ ಉಗುರು ಕಪ್ಪಾಗಿದೆ, ಬಾಗಿಲಿಗೆ ಸಿಕ್ಕಿತಾ?” ಎಂದು ಕೇಳಿದರು. “ಇಲ್ಲ, ಗುಡ್ಡೆಯಿಂದ ಓಡಿ ಇಳಿದದ್ದು” ಎಂದೆ. “ಯಾರು ಓಡಿಸಿದ್ದು?” ಎಂದರು. ಪಂಕ್ತಿಯೇ ನಕ್ಕಿತು. ಸಾರು ಬಡಿಸುತ್ತಿದ್ದ ನಮ್ಮ ಸಂಪಾದಕರು ಅಲ್ಲೇ ನಿಂತು, “ಇದನ್ನೇ ಬರೆದುಕೊಡಿ, ಎರಡು ಪುಟ ಖಾಲಿ ಉಂಟು” ಎಂದುಬಿಟ್ಟರು. ವ್ಯಾಟ್ ರಿಟರ್ನ್ ಬಿಟ್ಟರೆ ಬೇರೆ ಏನನ್ನೂ ಬರೆದು ಅಭ್ಯಾಸ ಇಲ್ಲದ ಬಿಕಾಂ ಪದವೀಧರ ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಯಾರು ಓಡಿಸಿದ್ದು ಎಂಬ ಪ್ರಶ್ನೆಗೆ ಅಂದು ನಕ್ಕು ಸುಮ್ಮನಾದೆ. ನಿಜ ಹೇಳುವುದಾದರೆ ಓಡಿಸಿದವರು ಒಬ್ಬರಿದ್ದಾರೆ.

2019ರಲ್ಲಿ ಅಲ್ ಕುಸೈಸ್‌ನ ಒಂದು ರೂಮಿನಲ್ಲಿ ನಾವು ನಾಲ್ಕು ಜನ ಇದ್ದೆವು. ನನ್ನ ಮಂಚದ ಎದುರಿನ ಮಂಚ ಕುಂದಾಪುರ ಕಡೆಯವರೊಬ್ಬರದ್ದು. ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ವಯಸ್ಸು 43. ಕುಡಿತ ಇಲ್ಲ, ಬೀಡಿ ಇಲ್ಲ. ಗುರುವಾರ ರಾತ್ರಿ ಮೀನು ಸಾರು ಮಾಡಿ ನಮಗೆಲ್ಲ ಬಡಿಸುತ್ತಿದ್ದರು. ಒಂದು ದಿನ ಬೆಳಿಗ್ಗೆ ಐದೂವರೆಗೆ ಅವರ ಮೊಬೈಲ್ ಅಲಾರಂ ಹೊಡೆಯಿತು. ಹೊಡೆಯುತ್ತಲೇ ಇತ್ತು. “ಅಣ್ಣಾ, ಬಂದ್ ಮಾಡಿ ಅದನ್ನ” ಎಂದು ನಾನು ಮುಸುಕಿನ ಒಳಗಿಂದಲೇ ಬೈದೆ. ಆಮೇಲೆ ಎದ್ದು ನೋಡಿದರೆ ಅವರ ಮೈ ತಣ್ಣಗಾಗಿತ್ತು.

ಹೃದಯಾಘಾತ ಎಂದು ಸರ್ಟಿಫಿಕೇಟ್‌ನಲ್ಲಿ ಬಂತು. ಗಲ್ಫ್‌ನಲ್ಲಿ ಇರುವ ನಿಮಗೆ ಮುಂದಿನದ್ದನ್ನು ವಿವರಿಸಬೇಕಾಗಿಲ್ಲ. ಪೊಲೀಸ್, ಮರಣ ಪ್ರಮಾಣಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು, ಎಂಬಾಮಿಂಗ್, ವಿಮಾನದ ಕಾರ್ಗೊ. ಲೆಕ್ಕ ಬಲ್ಲವನೆಂದು ಅವರ ಗ್ರಾಚ್ಯುಯಿಟಿ ಸರಿ ಉಂಟೋ ಇಲ್ಲವೋ ನೋಡುವ ಕೆಲಸ ನನಗೆ ಬಂತು. ಹನ್ನೊಂದು ವರ್ಷದ ಸರ್ವಿಸ್. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದಂತೆ 105, ಉಳಿದ ಆರು ವರ್ಷಕ್ಕೆ 30 ದಿನದಂತೆ 180. ಒಟ್ಟು 285 ದಿನದ ಮೂಲವೇತನ. ಇಂಥ ಲೆಕ್ಕವನ್ನು ಆಫೀಸಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ, ಆದರೆ ಆ ದಿನ ಎಕ್ಸೆಲ್‌ನ ಆ ಒಂದು ಚೌಕದಲ್ಲಿ 285 ಎಂದು ಮೂಡಿದಾಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಆಗ ನನಗೆ 40 ವರ್ಷ, 86 ಕಿಲೋ, ಎತ್ತರ ಐದಡಿ ಆರಿಂಚು. ಎರಡು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದಲ್ಲ, ಎಚ್‌ಬಿಎ1ಸಿ, ಅದು 6.3. 6.5 ದಾಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. “ಗಡಿಯಲ್ಲಿ ನಿಂತಿದ್ದೀರಿ, ಯಾವ ಕಡೆ ಹೋಗ್ತೀರೋ ನೀವೇ ನೋಡಿ” ಎಂದರು ಡಾಕ್ಟರು.

ಹೀಗೆ ನಡೆಯಲು ಸುರು ಮಾಡಿದೆ. ಅಲ್ ನಹದಾದ ಪಾಂಡ್ ಪಾರ್ಕ್‌ನಲ್ಲಿ ಸಂಜೆ ಎರಡು ಸುತ್ತು, ಮತ್ತೆ ನಾಲ್ಕು ಸುತ್ತು. ಓಡಲು ನಾಚಿಕೆ. ಯಾರೂ ಇಲ್ಲದ ಕಡೆ ಒಂದು ದೀಪದ ಕಂಬದಿಂದ ಇನ್ನೊಂದು ಕಂಬದವರೆಗೆ ಓಡುವುದು, ಯಾರಾದರೂ ಎದುರು ಬಂದರೆ ಮೊಬೈಲ್ ನೋಡುತ್ತಾ ನಿಲ್ಲುವುದು. 2020ರ ಎಪ್ರಿಲ್‌ನಲ್ಲಿ ದುಬೈಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಹೊರಗೆ ಬರುವಂತಿರಲಿಲ್ಲವಲ್ಲ, ಆಗ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಲು ಹಿಡಿದೆ. ಹದಿನಾಲ್ಕು ಮಾಳಿಗೆ, 280 ಮೆಟ್ಟಿಲು. ನೇಪಾಳಿ ವಾಚ್‌ಮನ್‌ಗೆ ಮೊದಲ ಮೂರು ದಿನ ನನ್ನ ಮೇಲೆ ಅನುಮಾನ, ನಾಲ್ಕನೆಯ ದಿನ ಆತನೇ “ಸಾಬ್, ಇವತ್ತು ಎಷ್ಟು ಸಲ?” ಎಂದು ಲೆಕ್ಕ ಇಟ್ಟುಕೊಳ್ಳತೊಡಗಿದ. ಆ ಮೆಟ್ಟಿಲೇ ನನ್ನನ್ನು ಗುಡ್ಡೆಗೆ ತಯಾರು ಮಾಡಿದ್ದು ಎಂದು ಆಗ ಗೊತ್ತಿರಲಿಲ್ಲ.

ರೂಮ್‌ಮೇಟ್‌ಗಳ ತಮಾಷೆ ಬೇರೆ. ಅದೇ ವರ್ಷದ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ಲೋಕಕ್ಕೆಲ್ಲ ಸುದ್ದಿಯಾಗಿದ್ದರು. ನಾನು ಶೂ ಹಾಕಿದರೆ ಸಾಕು, “ಕೋಣ ಎಲ್ಲಿ ಮಾರಾಯ?” ಎಂದು ಕೇಳುವುದು. ಕೋಣವೇ ಓಡುತ್ತಿದೆ ಎಂದು ಇನ್ನೊಬ್ಬರ ಉತ್ತರ.

ಟ್ರೇಲ್ ಎಂಬ ಶಬ್ದ ನನಗೆ ಗೊತ್ತಾದದ್ದು 2021ರ ಕೊನೆಗೆ. ನಮ್ಮ ಆಫೀಸಿನ ಡಾಕ್ಯುಮೆಂಟೇಶನ್ ವಿಭಾಗದ ಫಿಲಿಪಿನೊ ಸಹೋದ್ಯೋಗಿ ಒಂದು ರಜೆಯ ದಿನ ತನ್ನ ಕಾರಿನಲ್ಲಿ ಹತ್ತಾಗೆ ಕರೆದುಕೊಂಡು ಹೋದ. ಟ್ರೇಲ್ ರನ್ನಿಂಗ್ ಎಂದರೆ ಡಾಂಬರು ರಸ್ತೆ ಬಿಟ್ಟು ಗುಡ್ಡೆ, ಕಣಿವೆ, ಮಣ್ಣಿನ ಕಾಲುದಾರಿಯಲ್ಲಿ ಓಡುವುದು. ಇಲ್ಲಿ ಕಿಲೋಮೀಟರು ಅರ್ಧ ಲೆಕ್ಕ ಮಾತ್ರ. ಒಟ್ಟು ಎಷ್ಟು ಮೀಟರ್ ಏರು ಹತ್ತಿದಿರಿ ಎಂಬುದು ಉಳಿದ ಅರ್ಧ. ರಸ್ತೆಯಲ್ಲಿ 10 ಕಿಲೋಮೀಟರನ್ನು ಒಂದು ಗಂಟೆ ಹತ್ತು ನಿಮಿಷಕ್ಕೆ ಮುಗಿಸುತ್ತಿದ್ದವನಿಗೆ ಹತ್ತಾದಲ್ಲಿ ಅಷ್ಟೇ ದೂರಕ್ಕೆ ಎರಡೂ ಕಾಲು ಗಂಟೆ ಬೇಕಾಯಿತು.

ಹತ್ತಾ ದುಬೈಗೆ ಸೇರಿದ್ದಾದರೂ ಪಟ್ಟಣದಿಂದ ಸುಮಾರು 130 ಕಿಲೋಮೀಟರ್ ದೂರ, ಒಮಾನ್ ಗಡಿಯ ಹತ್ತಿರ, ಹಜರ್ ಬೆಟ್ಟಸಾಲಿನ ನಡುವೆ ಇದೆ. ನಮ್ಮವರಲ್ಲಿ ಹೆಚ್ಚಿನವರು ಡ್ಯಾಮ್ ನೋಡಿ, ಕಯಾಕ್‌ನಲ್ಲಿ ಫೋಟೊ ತೆಗೆದು ವಾಪಸು ಬರುತ್ತಾರೆ. ಆ ಕಂದು ಬಣ್ಣದ ಗುಡ್ಡೆಗಳ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತಂತೆ. ಭೂಮಿಯ ಒತ್ತಡಕ್ಕೆ ಮೇಲೆ ಬಂದು ಬೆಟ್ಟವಾದದ್ದು. ಬರಿಗಣ್ಣಿಗೆ ಬೋಳು, ಆದರೆ ಕಾಲಿಟ್ಟು ನಡೆದರೆ ಬೇರೆಯೇ. ವಾದಿಯ ಬದಿಯಲ್ಲಿ ನಮ್ಮ ಎಕ್ಕದ ಗಿಡ, ಕಣಗಿಲೆ, ಬೋರೆ ಮರದ ಜಾತಿಯ ಸಿದ್ರ್ ಮರ. ವಾದಿ ಎಂದರೆ ನೀರಿಲ್ಲದ ತೋಡು, ಅಷ್ಟೇ. ಕಾರ್ಕಳದ ಹತ್ತಿರದ ನಮ್ಮೂರಿನಲ್ಲಿ ಶಾಲೆಗೆ ಮೂರು ಮೈಲು, ಗದ್ದೆಯ ಹುಣಿಯ ಮೇಲೆ, ತೋಡು ದಾಟಿ, ಗುಡ್ಡೆ ಹತ್ತಿ ಇಳಿದು ಹೋಗುತ್ತಿದ್ದ ಹುಡುಗ ನಾನು. ಬೆಲ್ ಹೊಡೆದದ್ದು ಕೇಳಿದರೆ ಓಟ. ಆ ಕಾಲು ಇಪ್ಪತ್ತೈದು ವರ್ಷ ಮೇಜಿನ ಕೆಳಗೆ ಮಲಗಿತ್ತು. ಹತ್ತಾದ ಮೊದಲ ಇಳಿಜಾರಿನಲ್ಲಿ ಅದಕ್ಕೆ ಸ್ವಲ್ಪ ನೆನಪು ಬಂದ ಹಾಗಾಯಿತು.

ನೆನಪು ಬಂದ ಮಾತ್ರಕ್ಕೆ ಆಯಿತೇ? 2022ರ ಡಿಸೆಂಬರ್‌ನಲ್ಲಿ 25 ಕಿಲೋಮೀಟರಿನ ಒಂದು ಓಟಕ್ಕೆ ಹೆಸರು ಕೊಟ್ಟೆ. ಒಟ್ಟು ಏರು 900 ಮೀಟರ್, ಮಿತಿ ಐದೂವರೆ ಗಂಟೆ. ನಡುವೆ 16ನೇ ಕಿಲೋಮೀಟರಿನ ಕೇಂದ್ರಕ್ಕೆ ಮೂರೂವರೆ ಗಂಟೆಯೊಳಗೆ ಮುಟ್ಟಬೇಕು, ಇಲ್ಲದಿದ್ದರೆ ಅಲ್ಲಿಗೇ ಮುಕ್ತಾಯ. ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಹೊರಟರು, ಅವರೊಟ್ಟಿಗೆ ನಾನೂ ಗಾಡಿ ಬಿಟ್ಟ ಹಾಗೆ ಹೊರಟೆ. ಮೊದಲ ಏರಿನಲ್ಲೇ ಉಸಿರು ಬಾಯಿಗೆ ಬಂತು. ಬಾಯಾರಿಕೆ ಎಂದು ಬರೀ ನೀರು ಕುಡಿದೆ, ಉಪ್ಪಿನ ಸುದ್ದಿಯೇ ಇಲ್ಲ. 12ನೇ ಕಿಲೋಮೀಟರಿನಲ್ಲಿ ಎರಡೂ ತೊಡೆ ಹಿಡಿದು, ಕಲ್ಲಿನ ಮೇಲೆ ಕೂತು ಏಳಲಾರದೆ ಹೋದೆ. ಕುಂಟುತ್ತಾ 16ಕ್ಕೆ ಮುಟ್ಟುವಾಗ ಮೂರು ಗಂಟೆ 42 ನಿಮಿಷ. ಸ್ವಯಂಸೇವಕಿ ನಗುತ್ತಲೇ ನನ್ನ ಎದೆಯ ನಂಬರನ್ನು ಬಿಚ್ಚಿ ತೆಗೆದುಕೊಂಡಳು. ಉಪ್ಪು ಹಾಕಿ ಬೇಯಿಸಿದ ಬಟಾಟೆ ಒಂದು ಬಟ್ಟಲು ತುಂಬ ಕೊಟ್ಟಳು. ಅದನ್ನು ತಿಂದ ಮೇಲೆ ಹತ್ತು ನಿಮಿಷದಲ್ಲಿ ತೊಡೆ ಸಡಿಲವಾದದ್ದು ನೋಡಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಗಂಜಿಗೆ ಉಪ್ಪು ಹಾಕಿ ಕುಡಿದು ಗದ್ದೆಗೆ ಇಳಿಯುತ್ತಿದ್ದ ನನ್ನ ಅಜ್ಜನಿಗೆ ಗೊತ್ತಿದ್ದ ವಿಷಯ ಇದು.

ಈ ಸೋಲಿಗಿಂತ ದೊಡ್ಡ ಪೆಟ್ಟು ಮೂರು ತಿಂಗಳ ನಂತರ ಬಿತ್ತು. ಅದು ಪೂರಾ ನನ್ನದೇ ತಪ್ಪು.

2023ರ ಮಾರ್ಚ್‌ನಲ್ಲಿ ಒಂದು ಭಾನುವಾರ, ಜೊತೆಗೆ ಬರುವವರು ಯಾರೂ ಸಿಗಲಿಲ್ಲ ಎಂದು ಒಬ್ಬನೇ ರಾಸ್ ಅಲ್ ಖೈಮಾದ ಶೌಕಾ ವಾದಿಗೆ ಹೋದೆ. ಕಾರು ನಿಲ್ಲಿಸಿ ಆರು ಕಿಲೋಮೀಟರ್ ಒಳಗೆ ಹೋಗಿರಬಹುದು, ಇಳಿಜಾರಿನಲ್ಲಿ ಒಂದು ಸಡಿಲ ಕಲ್ಲಿನ ಮೇಲೆ ಎಡಗಾಲು ಹೊರಳಿತು. ಟಕ್ ಎಂದು ಶಬ್ದ ಕೇಳಿತು. ಮೊಬೈಲ್ ತೆಗೆದರೆ ನೆಟ್‌ವರ್ಕ್ ಇಲ್ಲ. ಒಂದು ಲೀಟರ್ ನೀರಿನಲ್ಲಿ ಅರ್ಧ ಮುಗಿದಿತ್ತು. ಗಂಟೆ ಒಂಬತ್ತು, ಬಿಸಿಲು ಏರುತ್ತಿತ್ತು. ಎಲ್ಲಿಗೆ ಹೋಗಿದ್ದೇನೆ ಎಂದು ರೂಮಿನವರಿಗೆ ಹೇಳಿರಲಿಲ್ಲ, ಊರಿನಲ್ಲಿ ಹೆಂಡತಿಗಂತೂ ಇಲ್ಲವೇ ಇಲ್ಲ.

ಕೂತು, ಎದ್ದು, ಕೈಯೂರಿ, ಜಾರಿ, ಎರಡು ಗಂಟೆಯ ಮೇಲೆ ಒಂದು ಆಡಿನ ದೊಡ್ಡಿ ಕಂಡಿತು. ಅಲ್ಲಿ ಒಬ್ಬ ಪಠಾಣ, ಪೇಶಾವರದ ಕಡೆಯವನು. ನನ್ನನ್ನು ನೋಡಿದವನೇ ಓಡಿಬಂದು ಹೆಗಲು ಕೊಟ್ಟ. ನೆರಳಿನಲ್ಲಿ ಕೂರಿಸಿ ನೀರು ಕೊಟ್ಟ, ಲಬಾನ್ ಕೊಟ್ಟ, ತನ್ನ ತಲೆಯ ಬಟ್ಟೆಯನ್ನೇ ಹರಿದು ಕಾಲಿಗೆ ಕಟ್ಟಿದ. ಹಿಂದಿಯಲ್ಲಿ ಮಾತಾಡಿದೆವು. ಆತ ನಾಲ್ಕು ವರ್ಷದಿಂದ ಊರಿಗೆ ಹೋಗಿರಲಿಲ್ಲ. “ನೀನು ಇಲ್ಲಿ ಯಾಕೆ ಓಡುತ್ತಿದ್ದೆ? ಆಡು ಕಳೆದುಹೋಗಿತ್ತಾ?” ಎಂದು ಕೇಳಿದ. ಓಟದ ಸ್ಪರ್ಧೆ ಉಂಟು, ಅದಕ್ಕೆ ಅಭ್ಯಾಸ ಎಂದೆ. “ಓಡಿದರೆ ಎಷ್ಟು ಕೊಡುತ್ತಾರೆ?” ಎಂದ. ಅವರು ಕೊಡುವುದಲ್ಲ, ನಾನೇ 250 ದಿರ್ಹಮ್ ಕೊಡಬೇಕು ಎಂದೆ. ಆತ ನಕ್ಕದ್ದು ಈಗಲೂ ಕಿವಿಯಲ್ಲಿದೆ. ಮೂದಲಿಕೆಯ ನಗೆ ಅಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಾನೂ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಆ ಗುಡ್ಡೆಯಲ್ಲಿ ಆತ ದಿನವೂ ನನಗಿಂತ ಹೆಚ್ಚು ಹತ್ತಿ ಇಳಿಯುತ್ತಾನೆ, ಅದಕ್ಕೆ ಯಾರೂ ಮೆಡಲ್ ಹಾಕುವುದಿಲ್ಲ.

ಆದ್ದರಿಂದ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಸೈಟಿನಲ್ಲಿ, ವೇರ್‌ಹೌಸಿನಲ್ಲಿ, ಡೆಲಿವರಿ ಬೈಕಿನಲ್ಲಿ ದಿನಕ್ಕೆ ಹತ್ತು-ಹನ್ನೆರಡು ಗಂಟೆ ಮೈ ಬಗ್ಗಿಸುವ ನಮ್ಮ ಬಂಧುಗಳಿಗೆ “ಓಡಿ” ಎಂದು ಹೇಳುವಷ್ಟು ಸೊಕ್ಕು ನನಗಿಲ್ಲ. ನಿಮಗೆ ಬೇಕಾದದ್ದು ನಿದ್ದೆ. ಇದು ನನ್ನ ಹಾಗೆ ಎಸಿಯಲ್ಲಿ ಕುರ್ಚಿ ಬೆಚ್ಚಗೆ ಮಾಡುವವರಿಗೆ ಬರೆದದ್ದು.

ಕಾಲಿನ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. ಮೂರು ವಾರ ವಿಡಿಯೊ ಕಾಲ್‌ನಲ್ಲಿ ಮುಖ ಮಾತ್ರ ತೋರಿಸಿದೆ. ಒಂದು ದಿನ ರೂಮ್‌ಮೇಟ್ ಒಬ್ಬ ಹಿಂದಿನಿಂದ, “ನಿಮ್ಮ ಕ್ರೇಪ್ ಬ್ಯಾಂಡೇಜ್ ಒಣಗಿದೆ, ತೆಗೆದಿಡ್ಲಾ?” ಎಂದು ಕೂಗಿದ. ಮಗಳಿಗೆ ಕೇಳಿತು. ಹೆಂಡತಿ ಫೋನ್ ತೆಗೆದುಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. “ಕುಂದಾಪುರದ ಆ ಅಣ್ಣನ ಮನೆಯವರಿಗೆ ಫೋನ್ ಮಾಡಿ ಹೇಳಿದ್ದು ನೀವೇ ಅಲ್ವಾ? ನನಗೆ ಯಾರು ಫೋನ್ ಮಾಡಿ ಹೇಳಬೇಕಿತ್ತು? ನೀವು ಎಲ್ಲಿದ್ದೀರಿ ಅಂತ ಯಾರಿಗೂ ಗೊತ್ತಿರಲಿಲ್ಲವಂತೆ” ಎಂದಳು. ಮನೆ ಸಾಲದ ಕಂತು ಇನ್ನೂ ಒಂಬತ್ತು ವರ್ಷ ಇತ್ತು. ಆ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಆರೋಗ್ಯಕ್ಕೆಂದು ಸುರು ಮಾಡಿದ ಕೆಲಸದಲ್ಲಿ ಮನೆಯವರನ್ನು ಇನ್ನೊಂದು ಅಪಾಯಕ್ಕೆ ತಳ್ಳಿದ್ದೆ.

ಅಂದಿನಿಂದ ಒಬ್ಬನೇ ಗುಡ್ಡೆಗೆ ಹೋಗುವುದಿಲ್ಲ. ಹೊರಡುವಾಗ ಲೊಕೇಶನ್ ಹೆಂಡತಿಗೆ, ರೂಮಿಗೆ ಎರಡೂ ಕಡೆ. “ಇಷ್ಟು ಗಂಟೆಯೊಳಗೆ ಮೆಸೇಜ್ ಬರದಿದ್ದರೆ 999ಕ್ಕೆ ಕರೆ ಮಾಡಿ” ಎಂದು ಬರೆದೇ ಹೋಗುತ್ತೇನೆ. ಚೀಲದಲ್ಲಿ ಒಬ್ಬರಿಗೆ ಎರಡು ಲೀಟರ್ ನೀರು, ಸೀಟಿ, ತಲೆಗೆ ಕಟ್ಟುವ ಟಾರ್ಚ್, ಬ್ಯಾಂಡೇಜ್, ಚಾರ್ಜ್ ಮಾಡುವ ಬ್ಯಾಟರಿ. ಮಳೆಯ ಮುನ್ಸೂಚನೆ ಇದ್ದ ದಿನ ವಾದಿಯ ಹೆಸರೆತ್ತುವುದಿಲ್ಲ. ತಲೆಯ ಮೇಲೆ ಬಿಸಿಲಿದ್ದರೂ ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ನೀರು ಕೆಲವೇ ನಿಮಿಷಗಳಲ್ಲಿ ತೋಡು ತುಂಬಿ ಬರುತ್ತದೆ. 2023ರಿಂದ ನೆರೆ ಬಂದ ವಾದಿಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ, 23 ಬ್ಲ್ಯಾಕ್ ಪಾಯಿಂಟ್, 60 ದಿನ ಗಾಡಿ ಜಪ್ತಿ. ದಂಡಕ್ಕಾದರೂ ಹೆದರಿ.

ಕಾಲು ಸರಿಯಾಗಲು ಎರಡು ತಿಂಗಳು. ಅಷ್ಟರಲ್ಲಿ ಬೇಸಿಗೆ ಬಂತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಹೊರಗಿನ ಕೆಲಸ ನಿಲ್ಲಿಸಬೇಕು ಎಂದು ಸರಕಾರವೇ ಹೇಳುವ ದೇಶದಲ್ಲಿ ಗುಡ್ಡೆ ಹತ್ತುವುದು ಮೂರ್ಖತನ. ಮತ್ತೆ ನಮ್ಮ ಬಿಲ್ಡಿಂಗಿನ ಮೆಟ್ಟಿಲೇ ಗತಿ. ಒಂದು ಮೆಟ್ಟಿಲು ಅಂದಾಜು 17 ಸೆಂಟಿಮೀಟರ್. 280 ಮೆಟ್ಟಿಲಿಗೆ ಹತ್ತಿರ ಹತ್ತಿರ 48 ಮೀಟರ್. ಹತ್ತು ಸಲ ಹತ್ತಿದರೆ 480. ವಾರಕ್ಕೆ ಎರಡು ದಿನ. ಇಳಿಯುವುದು ಲಿಫ್ಟಿನಲ್ಲಿ ಅಲ್ಲ, ಕಾಲಲ್ಲೇ. ಯಾಕೆಂದರೆ ಟ್ರೇಲ್‌ನಲ್ಲಿ ಉಸಿರು ತೆಗೆಯುವುದು ಏರು, ತೊಡೆ ಒಡೆಯುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು, ಮರುದಿನ ಕಮೋಡಿನಲ್ಲಿ ಕೂರುವಾಗ ಗೊತ್ತಾಗುತ್ತದೆ. ವಾಚ್‌ಮನ್ ಆಗಲೂ ಲೆಕ್ಕ ಇಡುತ್ತಿದ್ದ. ಒಂದು ದಿನ ನಾನು ಒಂಬತ್ತಕ್ಕೆ ನಿಲ್ಲಿಸಿದಾಗ “ಸಾಬ್, ಒಂದು ಬಾಕಿ” ಎಂದು ಬಾಗಿಲಿಗೆ ಅಡ್ಡ ನಿಂತ.

ಊಟದಲ್ಲಿ ಅಂಗಡಿಯ ಜೆಲ್, ಪುಡಿ ಎಲ್ಲ ನನ್ನ ಹೊಟ್ಟೆಗೆ ಆಗಲಿಲ್ಲ. ಹಿಂದಿನ ರಾತ್ರಿ ಕುಚ್ಚಲಕ್ಕಿ ಗಂಜಿ, ಬೆಳಿಗ್ಗೆ ಬಾಳೆಹಣ್ಣು. ಚೀಲದಲ್ಲಿ ಖರ್ಜೂರ, ನೆಲಗಡಲೆ ಚಿಕ್ಕಿ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಊರಿನಿಂದ ತಂದ ಪುನರ್ಪುಳಿಗೆ ಸಕ್ಕರೆ, ಚೆನ್ನಾಗಿ ಉಪ್ಪು ಹಾಕಿದ ಶರಬತ್ತು. ಇದನ್ನು ನೋಡಿ ನನ್ನ ಫಿಲಿಪಿನೊ ಗೆಳೆಯ ರಕ್ತ ಕುಡಿಯುತ್ತಿದ್ದೇನೆ ಎಂದು ತಿಳಿದಿದ್ದ. ಈಗ ಅವನಿಗೂ ಒಂದು ಬಾಟಲಿ ಬೇಕು. (ಸಕ್ಕರೆ ಕಾಯಿಲೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ನಾನು ಅಕೌಂಟೆಂಟ್.)

2023ರ ಡಿಸೆಂಬರ್. ಹಿಂದಿನಷ್ಟೇ ದೂರ, ಹೆಚ್ಚು ಕಮ್ಮಿ ಅದೇ ಏರು. ಈ ಸಲ ಎಲ್ಲರೂ ಓಡಿಹೋಗಲಿ ಎಂದು ಬಿಟ್ಟು ಹಿಂದೆ ನಿಂತೆ. ಏರು ಬಂದ ಕೂಡಲೇ ಮೊಣಕಾಲಿನ ಮೇಲೆ ಕೈಯಿಟ್ಟು ನಡೆದೆ. ನಡೆದರೆ ಅವಮಾನ ಅಲ್ಲ, ಮುಂದಿರುವ ಒಳ್ಳೊಳ್ಳೆಯ ಓಟಗಾರರೂ ಕಡಿದಾದ ಕಡೆ ನಡೆಯುತ್ತಾರೆ ಎಂಬುದು ನನಗೆ ತಡವಾಗಿ ಗೊತ್ತಾದ ಸಂಗತಿ. 16ನೇ ಕಿಲೋಮೀಟರಿಗೆ ಮೂರು ಗಂಟೆ ನಾಲ್ಕು ನಿಮಿಷ. ಬಟಾಟೆ ತಿಂದೆ. ಈ ಸಲ ಎದೆಯ ನಂಬರು ಎದೆಯಲ್ಲೇ ಉಳಿಯಿತು. ನಾಲ್ಕು ಗಂಟೆ 51 ನಿಮಿಷಕ್ಕೆ ಗೆರೆ ದಾಟಿದೆ. ಯಾರೋ ಕೊರಳಿಗೆ ಮೆಡಲ್ ಹಾಕಿದರು. ಅದನ್ನು ಹಿಡಿದು ಫೋನ್ ಮಾಡಿದರೆ ಮಗಳು, “ಅಪ್ಪ, ಮೊದಲು ಕಾಲು ತೋರಿಸಿ” ಎಂದಳು.

ಅದರ ಮರುವಾರ ಖರ್ಜೂರದ ಪೆಟ್ಟಿಗೆ, ಒಂದು ಹೊಸ ತಲೆಬಟ್ಟೆ ಹಿಡಿದು ಶೌಕಾದ ದೊಡ್ಡಿಗೆ ಹೋದೆವು. ಅಲ್ಲಿ ಬೇರೊಬ್ಬ ಇದ್ದ. ಹಳಬ ಊರಿಗೆ ಹೋದನಂತೆ. ರಜೆಗೋ ಖಾಯಂ ಆಗಿಯೋ ಹೊಸಬನಿಗೆ ಗೊತ್ತಿಲ್ಲ. ಪೆಟ್ಟಿಗೆಯನ್ನು ಅವನಿಗೇ ಕೊಟ್ಟು ಬಂದೆವು. ಹಾಗೆ ನೋಡಿದರೆ ನಾನು ಆತನ ಹೆಸರನ್ನು ಸರಿಯಾಗಿ ಕೇಳಿಯೂ ಇರಲಿಲ್ಲ.

ಖರ್ಚಿನ ಲೆಕ್ಕ ಹೇಳದಿದ್ದರೆ ನನ್ನ ಕಸುಬಿಗೆ ಅನ್ಯಾಯ. ಹಿಡಿತ ಇರುವ ಟ್ರೇಲ್ ಶೂ ನನಗೆ ಔಟ್‌ಲೆಟ್‌ನಲ್ಲಿ 280 ದಿರ್ಹಮಿಗೆ ಸಿಕ್ಕಿತು, ಎರಡು ವರ್ಷ ಬಂತು. ನೀರಿನ ಚೀಲ ಸೆಕೆಂಡ್ ಹ್ಯಾಂಡ್ 60. ಓಟದ ಶುಲ್ಕ ವರ್ಷಕ್ಕೆ ಎರಡು ಸಲ ಮಾತ್ರ. ಪೆಟ್ರೋಲ್ ನಾಲ್ಕು ಜನ ಹಂಚಿಕೊಳ್ಳುತ್ತೇವೆ. ಶೂ ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಸುರಿಯಬೇಡಿ, ಜಾಹೀರಾತಿಗೆ ಮರುಳಾಗಬೇಡಿ.

ಈ ವರ್ಷ, 2025ರ ಜನವರಿಯಲ್ಲಿ, ಮೊದಲ ಸಲ 50 ಕಿಲೋಮೀಟರ್ ಓಡಿದೆ. ಏರು 1,900 ಮೀಟರ್, ಮಿತಿ 11 ಗಂಟೆ. ಇಯರ್ ಎಂಡ್ ಕ್ಲೋಸಿಂಗ್‌ನ ನಡುವೆ ಸರಿಯಾಗಿ ನಿದ್ದೆಯೂ ಇರಲಿಲ್ಲ. 38ನೇ ಕಿಲೋಮೀಟರಿನಲ್ಲಿ ಒಂದು ಸಿದ್ರ್ ಮರದ ಕೆಳಗೆ ಕೂತೆ. ಸಾಕು, ಇಲ್ಲಿಗೇ ಬಿಟ್ಟುಬಿಡುವ ಎಂದು ಶೂ ಬಿಚ್ಚಿ ಕಲ್ಲು ಕೊಡವುತ್ತಿದ್ದೆ. ವಾಚಿನಲ್ಲಿ ಅಲಾರಂ ಹೊಡೆಯಿತು. ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಲು ನೆನಪಿಸುವ ಅಲಾರಂ ಅದು. ನನಗೆ ಅಲ್ ಕುಸೈಸ್‌ನ ಆ ಬೆಳಗ್ಗೆಯ ಮೊಬೈಲ್ ನೆನಪಾಯಿತು. ನನಗೆ ಈಗ 46. ನನ್ನ ಎದುರಿನ ಮಂಚದ ಅಣ್ಣನಿಗಿಂತ ಮೂರು ವರ್ಷ ದೊಡ್ಡವನಾಗಿಬಿಟ್ಟಿದ್ದೇನೆ. ಅಲಾರಂ ಬಂದ್ ಮಾಡಿ, ಚಿಕ್ಕಿ ಬಾಯಿಗೆ ಹಾಕಿ, ಶೂ ಕಟ್ಟಿ ಎದ್ದೆ. ಹತ್ತು ಗಂಟೆ 22 ನಿಮಿಷಕ್ಕೆ ಮುಗಿಸಿದೆ. ನನ್ನ ಹಿಂದೆ ಏಳು ಜನ ಇದ್ದರು. ಕಪ್ಪಾದ ಉಗುರು ಆಗಿನದ್ದೇ, ಇನ್ನೂ ಬಿದ್ದಿಲ್ಲ.

ಎಚ್‌ಬಿಎ1ಸಿ ಕಳೆದ ಸಲ 5.6 ಬಂತು, ತೂಕ 71. ಇದು ಓಟದ್ದೋ, ಪರೋಟ ಬಿಟ್ಟದ್ದರದ್ದೋ, ಎರಡೂ ಸೇರಿಯೋ ಬೇರ್ಪಡಿಸಿ ಹೇಳಲು ನನಗೆ ಬರುವುದಿಲ್ಲ.

ಅಕ್ಟೋಬರ್ ಕೊನೆಯಿಂದ ಗುಡ್ಡೆಯ ಸೀಸನ್ ಸುರು. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಅಲ್ ಕುಸೈಸ್‌ನಿಂದ ಹೊರಡುತ್ತೇವೆ, ಹನ್ನೊಂದರೊಳಗೆ ವಾಪಸು. ಓಡಬೇಕೆಂದಿಲ್ಲ, ನಡೆದರೂ ಆಯಿತು. ಸಂಘದ ಕಾರ್ಯದರ್ಶಿಯವರಲ್ಲಿ ಹೆಸರು ಹೇಳಿಡಿ. ಕಾರಿನಲ್ಲಿ ಹಿಂದಿನ ಸೀಟು ಒಂದು ಖಾಲಿ ಉಂಟು. ಎರಡು ಲೀಟರ್ ನೀರು ನೀವೇ ತನ್ನಿ, ಮತ್ತೆ ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಬನ್ನಿ.